ಬಾಯಿ ಕಟ್ಟಿದ ತಟ್ಟೆ

"ಇದೊಂದನ್ನ ಮಾತ್ರ ತೊಳೀಬೇಡಿ," ಎಂದಳು ಮುದುಕಿ. "ಕೇಳ್ಕೊಳ್ಳಿ, ಜೋಪಾನವಾಗಿ ಇಟ್ಕೊಳ್ಳಿ. ತೊಳೀಬೇಡಿ ಅಷ್ಟೆ. ಇದರ ಬಾಯಿ ಕಟ್ಟಿದೆ."

ಅವನು ಗ್ರಾಮಫೋನ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ಕಟ್ಟದೆ ಏನು ಮಾಡೀತು? ಸೂಜಿ ಓಡಬೇಕಾದ ಗೆರೆಗಳ ತುಂಬ ಕಂದುಬಣ್ಣದ ಜಿಡ್ಡು ಮೆತ್ತಿಕೊಂಡಿತ್ತು, ಅಡುಗೆಮನೆಯ ಗಾಳಿಕಿಂಡಿಯಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಎಣ್ಣೆಯ ಹಾಗೆ. ಅದರೊಳಗೆ ಅಲ್ಲೊಂದು ಇಲ್ಲೊಂದು ಕೂದಲೆಳೆ. ಮೂಗಿನ ಹತ್ತಿರ ತಂದರೆ ಹೂದಾನಿಯಲ್ಲಿ ತಿಂಗಳುಗಟ್ಟಲೆ ಮರೆತುಬಿಟ್ಟ ನೀರಿನ ವಾಸನೆ.

"ಅಜ್ಜಿ, ಇದು ಬಾಯಿ ಕಟ್ಟಿದ್ದಲ್ಲ, ಮೂಗು ಕಟ್ಟಿದ್ದು. ನೆಗಡಿ," ಎಂದು ನಕ್ಕ. "ವಾಸಿ ಮಾಡೋಣ ಬಿಡಿ."

ಮುದುಕಿ ನಗಲಿಲ್ಲ. ತಟ್ಟೆಯ ಇನ್ನೊಂದು ಅಂಚನ್ನು ಹಿಡಿದಿದ್ದ ಬೆರಳುಗಳನ್ನೂ ಸಡಿಲಿಸಲಿಲ್ಲ. ಅವಳಿಗೆ ಮೊಣಕಾಲು ಕೈಕೊಟ್ಟು, ನಾಲ್ಕನೇ ಮಹಡಿಯ ಮನೆ ಬಿಟ್ಟು ಅದೇ ಕಟ್ಟಡದ ಕೆಳಗಿನ ಒಂಟಿ ಕೋಣೆಗೆ ಇಳಿಯುವುದಿತ್ತು. ಅವಳ ಅಣ್ಣ ಬಿಟ್ಟುಹೋದ ಜಾಝ್ ತಟ್ಟೆಗಳಿಗೆ ಅಲ್ಲಿ ಜಾಗವಿಲ್ಲ. ಒಂದು ತಿಂಗಳಿಂದ ಅವನು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು ಒಂದೊಂದು ಪೆಟ್ಟಿಗೆ ಹೊತ್ತೊಯ್ಯುತ್ತಿದ್ದ. ಕೊನೆಯ ಪೆಟ್ಟಿಗೆಯ ತಳದಲ್ಲಿ ಹಳೆಯ ಟವೆಲ್ಲಿನಲ್ಲಿ ಸುತ್ತಿ ಇಟ್ಟದ್ದು ಇದು. ಮೇಲೆ ಹೆಸರಿಲ್ಲ, ಅಚ್ಚಿಗೆ ಹೋಗುವ ಮೊದಲು ತೆಗೆದ ಮಾದರಿ ಪ್ರತಿ. ಅಣ್ಣ ಟ್ರಂಪೆಟ್ ಊದುತ್ತಿದ್ದವನು. ಅವನು ಊದಿದ್ದು ಧ್ವನಿಮುದ್ರಣವಾಗಿ ಉಳಿದಿರುವುದು ಇದೊಂದೇ.

"ಒಡೆದ್ರೂ ಕಷ್ಟ, ಬಿಸಾಕಿದ್ರೂ ಕಷ್ಟ," ಎಂದಳು. "ತಟ್ಟೆ ನೋಡ್ಕೊಳ್ಳೋಕೆ ಬರೋರ ಕೈಲಿರ್ಲಿ ಅಂತ ನಿಮಗೆ ಕೊಡ್ತಿದೀನಿ. ಮಾತು ಕೊಡಿ."

"ಕೊಟ್ಟೆ ಅಜ್ಜಿ."

"ಇದ್ರೊಳಗೆ ನಮ್ಮಣ್ಣ ಇದಾನೆ. ಅವನ ಹಿಂದೆ ಇನ್ನೊಬ್ಬ ನಿಂತಿದಾನೆ. ಅವನು ಹಿಂದೇನೇ ಇರ್ಲಿ."

ಅವನು ತಲೆಯಾಡಿಸಿದ. ತಟ್ಟೆ ನೋಡಿಕೊಳ್ಳುವುದು ಎಂದರೆ ಮೊದಲು ತೊಳೆಯುವುದು ಎಂದು ಆ ಮುದುಕಿಗೆ ಯಾರೂ ಹೇಳಿರಲಿಲ್ಲ.

ಧ್ವನಿ ಯಂತ್ರಗಳನ್ನು ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಗಿರಾಕಿಗಳನ್ನು ಸೋಫಾದಲ್ಲಿ ಕೂರಿಸಿ, ಈ ಸ್ಪೀಕರಿಗೂ ಆ ಸ್ಪೀಕರಿಗೂ ಏನು ವ್ಯತ್ಯಾಸ ಎಂದು ಕೇಳಿಸುವವನು ಅವನೇ. ಗೋಡೆಯಾಚೆ ತಂತಿ ಸಡಿಲವಾದರೂ ಹೇಳುತ್ತಾನೆಂದು ಜೊತೆಯವರು ಅವನನ್ನು ಕಿವಿರಾಯ ಎಂದು ಕರೆಯುತ್ತಿದ್ದರು. ಅವನಿಗೆ ಅದು ಬಿರುದು. ಹೆಂಡತಿಗೆ ಅದು ಬೈಗುಳ.

"ಹೌದಪ್ಪ, ಕಿವಿರಾಯ. ಕುಕ್ಕರ್ ಕೂಗಿದ್ದೊಂದು ಬಿಟ್ಟು ಎಲ್ಲಾ ಕೇಳುತ್ತೆ," ಎನ್ನುತ್ತಿದ್ದಳು. ಅವಳು ಹಲ್ಲಿನ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ದಿನವಿಡೀ ಬೇರೆಯವರ ಬಾಯೊಳಗೆ ದೀಪ ಹಿಡಿದು, ಕೀವು ಹೀರುವ ಕೊಳವೆ ಹಿಡಿದು, ಮನೆಗೆ ಬಂದು ಏನೂ ಆಗದವಳಂತೆ ಉಣ್ಣಬಲ್ಲ ಹೆಂಗಸು.

ಅವರಿಗೊಬ್ಬಳೇ ಮಗಳು, ಆರು ವರ್ಷದವಳು. ಮೂರು ತುಂಬುವ ತನಕ ಅವಳು ಒಂದು ಮಾತೂ ಆಡಿರಲಿಲ್ಲ. ಕಿವಿ ನೋಡಿಸಿದ್ದರು, ನಾಲಗೆ ನೋಡಿಸಿದ್ದರು. ಊಟದ ಮೇಜಿನ ಎದುರು ಕೂತು "ಅಪ್ಪ ಅನ್ನು, ಅಮ್ಮ ಅನ್ನು" ಎಂದು ಗಂಡ ಹೆಂಡತಿ ಭಿಕ್ಷೆ ಬೇಡಿದ ಹಾಗೆ ಬೇಡಿದ್ದರು. ಒಂದು ದಿನ ಬಸ್ಸಿನಲ್ಲಿ, ಮುಂದಿನ ಸೀಟಿನ ದಪ್ಪ ಮನುಷ್ಯನ ಬೆನ್ನು ತಟ್ಟಿ, "ಆ ಕಡೆ ಸರಿ, ಕಾಣಲ್ಲ" ಎಂದಳು. ಅಲ್ಲಿಂದ ನಿಂತೇ ಇಲ್ಲ. ಮಾತಿನಮಲ್ಲಿ ಎಂದು ಶುರುವಾದ ಹೆಸರು ಸವೆದು ಮಲ್ಲಿ ಆಗಿತ್ತು. ಅವಳ ಬಾಯಿ ಒಂದು ಗಳಿಗೆ ಸುಮ್ಮನಾದರೂ ಇಬ್ಬರೂ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದರು.

ಶುಕ್ರವಾರ ಅವನು ತಟ್ಟೆಯ ಮೇಲೆ ಮರಗೆಲಸದ ಬಿಳಿ ಅಂಟು ಸುರಿದು, ಹಳೆಯ ಕಾರ್ಡಿನಿಂದ ಸಮನಾಗಿ ಹರಡಿ ಒಣಗಲು ಬಿಟ್ಟ. ಸಂಗ್ರಹಕಾರರಿಗೆಲ್ಲ ಗೊತ್ತಿರುವ ಉಪಾಯ. ಒಣಗಿದ ಅಂಟನ್ನು ಒಂದೇ ಹಾಳೆಯಾಗಿ ಎಬ್ಬಿಸಿದರೆ ಗೆರೆಯ ಆಳದ ಕೊಳೆಯೂ ಕಚ್ಚಿಕೊಂಡು ಬರುತ್ತದೆ. ಕೊಟ್ಟ ಮಾತು ನೆನಪಾಯಿತು. ತೊಳೀಬೇಡಿ ಎಂದಿದ್ದಳು. ತಾನು ತೊಳೆಯುತ್ತಿಲ್ಲವಲ್ಲ, ಒಂದು ತೊಟ್ಟು ನೀರೂ ಹಾಕಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ.

ಶನಿವಾರ ಮಧ್ಯಾಹ್ನ ಅಂಚಿಗೆ ಉಗುರು ಕೊಟ್ಟು ಎಳೆದ. ಹಾಳೆ ಎದ್ದು ಬಂತು. ಬಿಸಿಲಿಗೆ ಸುಟ್ಟ ಬೆನ್ನಿನ ಸಿಪ್ಪೆ ಸುಲಿದ ಹಾಗೆ, ಚರ್ ಎನ್ನುವ ಸಣ್ಣ ಸದ್ದು ಮಾಡುತ್ತ. ಒಣಗಿದ ಅಂಟು ಗರಿಗರಿ ಇರಬೇಕು. ಇದು ಮೆತ್ತಗಿತ್ತು. ಒಳಮೈಯಲ್ಲಿ ಕಂದು ಜಿಡ್ಡು ಸಾಲುಸಾಲಾಗಿ ಒಸರುತ್ತಿತ್ತು. ವಾಸನೆ ಕೋಣೆಗೆಲ್ಲ ಹಬ್ಬಿತು.

ಮೇಜಿನ ಕೆಳಗೆ ಚಿತ್ರ ಬರೆಯುತ್ತಿದ್ದ ಮಲ್ಲಿ ತಲೆ ಹೊರಗೆ ಹಾಕಿದಳು. "ಅಪ್ಪಾ, ಅದು ಯಾರ ಚರ್ಮ?"

"ತಟ್ಟೇದು."

"ಅದಕ್ಕೆ ನೋವಾಗಲ್ವಾ?"

"ತಟ್ಟೆಗೆ ಎಲ್ಲಿ ನೋವು? ಮುಖ ತೊಳ್ಕೊಂಡಂಗೆ ಹಾಯಾಗುತ್ತೆ."

"ನನಗೆ ಮುಖ ತೊಳ್ಕೊಂಡ್ರೆ ಹಾಯಾಗಲ್ಲ," ಎಂದು ಅವಳು ಮತ್ತೆ ಮೇಜಿನಡಿ ಸೇರಿದಳು.

ಎರಡೂ ಮುಖದ ಸಿಪ್ಪೆಯನ್ನು ಸುರುಳಿ ಮಾಡಿ ಕಸದ ಚೀಲಕ್ಕೆ ಎಸೆದ. ಮೂರು ಸಲ ಸೋಪು ಹಾಕಿದರೂ ಬೆರಳಿನ ಅಂಟು ಹೋಗಲಿಲ್ಲ. ಆದರೆ ತಟ್ಟೆ ಹೊಸ ಷೂನಂತೆ ಹೊಳೆಯುತ್ತಿತ್ತು. ಸೂಜಿ ಇಳಿಸಿದ.

ಆಹಾ ಎನ್ನಬೇಕು, ಹಾಗಿತ್ತು. ಡಬಲ್ ಬಾಸಿನ ತಂತಿ ಮರಕ್ಕೆ ತಾಗಿ ಗುಂಯ್ಗುಡುವುದು, ಡ್ರಮ್ಮಿನ ಮೇಲೆ ಕುಂಚ ಸವರುವುದು, ಮತ್ತೆ ಆ ಟ್ರಂಪೆಟ್. ಅತ್ತು ಮುಗಿಸಿ ನಗಲು ಹೊರಟವನ ಗಂಟಲಿನಂಥ ಟ್ರಂಪೆಟ್. ಅದನ್ನು ಸೆಕೆಂಡಿಗೆ ಒಂದು ಲಕ್ಷ ತೊಂಬತ್ತೆರಡು ಸಾವಿರ ಸಲ ಅಳೆಯುವ ಲೆಕ್ಕದಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡ. ಅಂಗಡಿಯಿಂದ ಪರೀಕ್ಷೆಗೆಂದು ಮೂರು ಡ್ಯಾಕ್ ತಂದಿದ್ದ. ಕಂಪ್ಯೂಟರಿನ ಅಂಕಿಗಳನ್ನು ಮತ್ತೆ ನಾದವಾಗಿಸುವ ಪೆಟ್ಟಿಗೆಗಳು ಅವು. ಮೂರರಲ್ಲಿ ಒಂದನ್ನು ಆರಿಸಬೇಕಿತ್ತು.

ಈ ಕಸುಬಿನವರು ಆರಿಸುವ ರೀತಿ ಒಂದೇ. ಪೂರ್ತಿ ಹಾಡು ಕೇಳುವುದಿಲ್ಲ. ಒಂದು ಚಿಕ್ಕ ತುಣುಕು ಹಿಡಿದು, ಅದನ್ನೇ ಈ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಯಲ್ಲಿ, ಈ ತಂತಿಯಲ್ಲಿ, ಆ ತಂತಿಯಲ್ಲಿ, ತಲೆ ಚಿಟ್ಟು ಹಿಡಿಯುವ ತನಕ ತಿರುಗಿಸಿ ತಿರುಗಿಸಿ ಕೇಳುತ್ತಾರೆ. ಅವನಿಗೆ ಸಿಕ್ಕಿದ ತುಣುಕು ಇಪ್ಪತ್ತೆರಡು ಸೆಕೆಂಡಿನದು. ಬೇರೆ ವಾದ್ಯವೆಲ್ಲ ನಿಂತು ಟ್ರಂಪೆಟ್ ಒಂದೇ ಉಳಿಯುವ ಜಾಗ. ಅಲ್ಲಿ, ಎರಡು ಸ್ವರಗಳ ನಡುವಿನ ಮೌನದಲ್ಲಿ, ಇನ್ನೊಂದು ಸದ್ದಿತ್ತು.

ತುಟಿ ಬಿಟ್ಟು ಕೂಡುವ ಸದ್ದು. ಎಂಜಲಿನ ಸದ್ದು. ಪಿಸುಮಾತು. ಟ್ರಂಪೆಟಿನವನ ಎಡಗಡೆ, ಮೂರು ಹೆಜ್ಜೆ ಹಿಂದೆ ನಿಂತು ಯಾರೋ ಏನನ್ನೋ ಗೊಣಗುತ್ತಿದ್ದ.

ಕಿವಿರಾಯನ ಮೈ ಜುಮ್ಮೆಂದಿತು, ಖುಷಿಗೆ. ಇಂಥದ್ದೇ ಬೇಕು. ಯಾವ ಪೆಟ್ಟಿಗೆ ಈ ಗೊಣಗಾಟವನ್ನು ಹೆಚ್ಚು ಸ್ಪಷ್ಟ ಮಾಡುತ್ತದೋ ಅದೇ ಒಳ್ಳೆಯ ಪೆಟ್ಟಿಗೆ. ಮೊದಲನೆಯದರಲ್ಲಿ ಅದು ಬರೀ ಉಸಿರು. ಎರಡನೆಯದರಲ್ಲಿ ನಾಲಗೆ ಅಂಗುಳಕ್ಕೆ ತಾಗುವುದು ಕೇಳಿಸಿತು. ಮೂರನೆಯದರಲ್ಲಿ ಏಳು ಅಕ್ಷರ. ಅರ್ಥವಿಲ್ಲದ ಏಳು ಅಕ್ಷರ. ತಂತಿ ಬದಲಿಸಿದ. ಮತ್ತೆ ಹಾಕಿದ. ಸ್ಪೀಕರನ್ನು ಒಂದು ಗೇಣು ಸರಿಸಿದ. ಮತ್ತೆ ಹಾಕಿದ. ಶನಿವಾರ ಸಂಜೆಯೆಲ್ಲ ಹಾಕಿದ, ಭಾನುವಾರ ಬೆಳಗಿನಿಂದ ಹಾಕಿದ. ಎಷ್ಟು ಸಲವೋ ಅವನೇ ಲೆಕ್ಕವಿಡಲಿಲ್ಲ.

"ಅದೇ ಎಂಜಲು ಸದ್ದು ಎಷ್ಟು ಸಲ ಕೇಳ್ತೀರಿ?" ಎಂದು ಹೆಂಡತಿ ಬಾಗಿಲು ಎಳೆದುಕೊಂಡಳು.

ಭಾನುವಾರ ಮಧ್ಯಾಹ್ನ ಅವನು ಯಂತ್ರ ಬಂದ್ ಮಾಡಿ ಎದ್ದಾಗಲೂ ಗೊಣಗಾಟ ನಿಲ್ಲಲಿಲ್ಲ. ಮೇಜಿನ ಕೆಳಗಿನಿಂದ ಬರುತ್ತಿತ್ತು. ಮಲ್ಲಿ ಬಣ್ಣ ಹಚ್ಚುತ್ತ, ತಲೆ ಎತ್ತದೆ, ಆ ಏಳು ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡವಳ ಹಾಗೆ ಹೇಳುತ್ತಿದ್ದಳು. ಹೇಳಿ ಹೇಳಿ ಅವಳ ತುಟಿಯ ಮೂಲೆಯಲ್ಲಿ ನೊರೆ ಕಟ್ಟಿತ್ತು.

"ಸಾಕು ಮಲ್ಲಿ. ಬೇರೆ ಏನಾದ್ರೂ ಹೇಳು."

ಅವಳು ಬಾಯಿ ತೆರೆದಳು. ವಾಸನೆ ಮೊದಲು ಬಂತು. ಹೂದಾನಿಯ ನೀರು.

ಸಂಜೆಯ ಹೊತ್ತಿಗೆ ಒಸಡೆಲ್ಲ ಬೆಳ್ಳಗಾಗಿ ಊದಿಕೊಂಡಿತು. ಎಂಜಲು ಎಳೆಎಳೆಯಾಗಿ, ಮುರಿಯದ ದಾರದಂತೆ ಗಲ್ಲದಿಂದ ಅಂಗಿಯ ತನಕ ಇಳಿಯಿತು. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ತುಟಿಗೆ ಅಂಟಿಕೊಳ್ಳುತ್ತಿತ್ತು. ಹುಣ್ಣು ಎಂದರು ವೈದ್ಯರು, ಮುಲಾಮು ಬರೆದುಕೊಟ್ಟರು. ಸೋಮವಾರ ಬೆಳಗ್ಗೆ ಎದ್ದಾಗ ಅವಳ ಬಾಯಿಯ ಮೇಲೆ ತೆಳ್ಳನೆಯ, ಪಾರದರ್ಶಕ ಪೊರೆ ಬೆಳೆದಿತ್ತು. ಮೇಲ್ತುಟಿಯಿಂದ ಕೆಳತುಟಿಗೆ. ಅಂಚಿನಿಂದ ಅಂಚಿಗೆ. ಅದರ ಹಿಂದೆ ಹಲ್ಲು ಕಾಣುತ್ತಿತ್ತು, ನಾಲಗೆ ತಡಕಾಡುವುದು ಕಾಣುತ್ತಿತ್ತು. ಮಗುವಿನ ಕಣ್ಣು ಅಮ್ಮನನ್ನು ನೋಡಿತು, ಅಪ್ಪನನ್ನು ನೋಡಿತು.

ಹೆಂಡತಿ ಕೈಗವಸು ಹಾಕಿ, ಚಿಮಟ ಹಿಡಿದು ಪೊರೆಯನ್ನು ಸುಲಿದಳು. ಚರ್ ಎಂದಿತು. ಒಳಗಿಂದ ಕಂದು ಜಿಡ್ಡು, ಅದರಲ್ಲಿ ಒಂದು ಕೂದಲು. ಉದ್ದನೆಯ, ನರೆತ ಕೂದಲು. ಎಳೆದಷ್ಟೂ ಬಂತು. ಅದನ್ನು ಎಸೆದು ತಿರುಗುವಷ್ಟರಲ್ಲಿ ತುಟಿಯ ಮೇಲೆ ಹೊಸ ಪೊರೆ. ಇಪ್ಪತ್ತು ವರ್ಷ ಬಾಯಿಗಳನ್ನು ನೋಡಿದ ಹೆಂಗಸು ಸಿಂಕಿಗೆ ಓಡಿ ವಾಂತಿ ಮಾಡಿಕೊಂಡಳು.

"ಇದು ಹಲ್ಲಿಂದಲ್ಲ, ಹುಣ್ಣಿಂದಲ್ಲ," ಎಂದಳು ಬಾಯಿ ಒರೆಸಿಕೊಳ್ಳುತ್ತ. "ಏನು ತಂದ್ರಿ ಮನೆಗೆ?"

ಉತ್ತರ ಮಗಳ ಮೂಗಿನಿಂದ ಬಂತು. ಮುಚ್ಚಿದ ಬಾಯೊಳಗೆ ಅವಳು ಅದೇ ಏಳು ಅಕ್ಷರ ಗುನುಗುತ್ತಿದ್ದಳು. ನಿಲ್ಲಿಸಲು ಆಗದೆ ಅಳುತ್ತಿದ್ದಳು.

ಅವನು ತಟ್ಟೆಯನ್ನು ಎದೆಗೊತ್ತಿಕೊಂಡು ಓಡಿದ. ಮುದುಕಿ ಕೆಳಗಿನ ಕೋಣೆಗೆ ಇಳಿದಾಗಿತ್ತು. ಬಾಗಿಲು ತೆಗೆದವಳು ಮುಖ ನೋಡಲಿಲ್ಲ, ತಟ್ಟೆಯ ಹೊಳಪು ನೋಡಿದಳು.

"ತೊಳೆದ್ರಿ."

"ನೀರು ಹಾಕಿಲ್ಲ ಅಜ್ಜಿ, ಅಂಟು..."

"ಬಾಯಿ ಕಟ್ಟಿದೆ ಅಂದಿದ್ನಲ್ಲ."

"ಕೊಳೆ ಕಟ್ಟಿದೆ ಅಂತ ತಿಳ್ಕೊಂಡೆ."

"ಕೊಳೆನೇ. ಆ ಕೊಳೆಯಿಂದಾನೇ ಅವನ ಬಾಯಿ ಕಟ್ಟಿದ್ದು." ಮುದುಕಿ ಗೋಡೆ ಹಿಡಿದು ಕೂತಳು. "ನಮ್ಮಣ್ಣನ ಜೊತೆ ಇನ್ನೊಬ್ಬ ಟ್ರಂಪೆಟಿನವನಿದ್ದ. ಎರಡನೇ ಸಾಲಿನವನು, ಹೊಟ್ಟೆಕಿಚ್ಚಿನವನು. ರೆಕಾರ್ಡಿಂಗ್ ದಿನ ಬೆನ್ನ ಹಿಂದೆ ನಿಂತು ಬಾಯಿಕಟ್ಟು ಮಂತ್ರ ಹೇಳಿದ. ನಲವತ್ತು ದಿನದಲ್ಲಿ ಅಣ್ಣನ ಬಾಯಿ ಕೊಳೆತು ಕೂಡ್ಕೊಂಡು ಹೋಯ್ತು. ಆ ಮಂತ್ರ ತಟ್ಟೇಲಿ ಸಿಕ್ಕಿಹಾಕ್ಕೊಂಡಿದೆ ಅಂತ ಆಮೇಲೆ ಗೊತ್ತಾಯ್ತು. ಕೇಳಿ ಅದನ್ನೇ ಗುನುಗಿದ ಬ್ಯಾಂಡ್ ಮಾಸ್ತರನ ಬಾಯೂ ಹೋಯ್ತು. ಬಲ್ಲವರೊಬ್ಬರು ದಾರಿ ಹೇಳಿದ್ರು. ಅಣ್ಣನ ಬಾಯಿ ಒರೆಸಿ ಒರೆಸಿ ತೆಗೆದದ್ದನ್ನೆಲ್ಲಾ ನಾನೇ ಗೆರೆಗೆರೆಗೂ ತಿಕ್ಕಿದೆ." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ನೀವು ಎಷ್ಟು ಸಲ ಕೇಳಿದ್ರಿ?"

ಅವನು ಬೆರಳು ಮಡಿಸಿ ಎಣಿಸಲು ನೋಡಿದ. ಲೆಕ್ಕ ಸಿಗದೆ ಬಿಟ್ಟ.

"ನಿಮ್ಮ ಬಾಯಿ ಚೆನ್ನಾಗಿದೆಯಲ್ಲ. ಜೊತೆಗೆ ಯಾರು ಹೇಳಿದ್ರು?"

"ಮಗಳು."

ಮುದುಕಿ ಕಣ್ಣು ಮುಚ್ಚಿಕೊಂಡಳು. "ಸುಲಿದಿದ್ದು ಎಲ್ಲಿದೆ?"

"ಕಸಕ್ಕೆ ಹಾಕಿದೆ."

"ಹುಡುಕಿ. ಬಾಯಿಂದ ಬಂದದ್ದು ಬಾಯಿಂದಾನೇ ಹೋಗಬೇಕು. ನೀರು ತಾಗಿಸಬೇಡಿ. ಒಂದ್ಸಲ ಬಿಚ್ಚಿದ್ಮೇಲೆ ನನ್ನ ಹಾಗೆ ಕೈಯಲ್ಲಿ ಬಳಿದ್ರೆ ನಿಲ್ಲಲ್ಲ. ಬಿಚ್ಚಿದವರೇ ಅಗಿದು ಕಟ್ಟಬೇಕು." ಅವನು ಅರ್ಥವಾಗದೆ ನಿಂತಿರುವುದನ್ನು ಕಂಡು ತನ್ನ ನಾಲಗೆ ಹೊರಚಾಚಿ, ಗಾಳಿಯಲ್ಲಿ ಒಂದು ಸುತ್ತು ನೆಕ್ಕಿ ತೋರಿಸಿದಳು.

ಅವನ ಮನೆಯಿದ್ದ ಕಟ್ಟಡದ ಹಿಂಭಾಗದಲ್ಲಿ ಎಲ್ಲ ಮನೆಗಳ ಕಸ ಒಂದೇ ತೊಟ್ಟಿಗೆ ಬೀಳುತ್ತದೆ. ಗಾಡಿ ಬರುವುದು ಮಂಗಳವಾರ. ಅವನು ಪ್ಯಾಂಟು ಮಡಿಸಿ ತೊಟ್ಟಿಯೊಳಗೆ ಇಳಿದ. ಮೀನಿನ ಕರುಳು, ಹಸಿ ಡೈಪರು, ಹುಳ ಆಡುವ ಅನ್ನ. ಚೀಲ ಹರಿದರೆ ಬೆಚ್ಚನೆಯ ರಸ ಮೊಣಕೈ ತನಕ ಹರಿಯುತ್ತಿತ್ತು. ಮಹಡಿಯ ಕಿಟಕಿಯಿಂದ ಯಾರೋ "ಏನ್ರೀ, ಉಂಗುರ ಕಳ್ಕೊಂಡ್ರಾ?" ಎಂದರು. ಅವನು ತಲೆ ಎತ್ತಲಿಲ್ಲ. ಹದಿನಾಲ್ಕನೆಯದೋ ಹದಿನೈದನೆಯದೋ ಚೀಲದಲ್ಲಿ ಸುರುಳಿ ಸಿಕ್ಕಿತು. ಅದರ ಸುತ್ತ ಹುಳ ಇರಲಿಲ್ಲ. ಹುಳಗಳೂ ದೂರ ಸರಿದಿದ್ದವು.

ಮನೆಯಲ್ಲಿ ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಫೈಲು ಅಳಿಸಲು ಕೂತ. ಬೆರಳು ಒಂದು ಕ್ಷಣ ತಡೆಯಿತು. ಅಂಥ ಟ್ರಂಪೆಟ್ ಇನ್ನೆಲ್ಲೂ ಇಲ್ಲ ಎಂದು ಮನಸ್ಸಿಗೆ ಬಂದೇಬಿಟ್ಟಿತು. ಪಕ್ಕದ ಕೋಣೆಯಿಂದ ಮಗಳ ಮೂಗಿನ ಗುನುಗು. ಮೂಗಿನ ಹೊಳ್ಳೆಯ ಅಂಚಿಗೂ ಪೊರೆ ಬಂದಿದೆ ಎಂದು ಹೆಂಡತಿ ಕೂಗಿದಳು. ಒತ್ತಿದ. ಅಳಿಸಿದ. ಆ ಒಂದು ಕ್ಷಣವನ್ನು ಅವನು ಇವತ್ತಿಗೂ ಹೆಂಡತಿಗೆ ಹೇಳಿಲ್ಲ.

ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡ. ಸುರುಳಿಯನ್ನು ಬಾಯಿಗೆ ಹಾಕಿಕೊಂಡ.

ಮೊದಲು ತಣ್ಣಗಿತ್ತು. ಆಮೇಲೆ ಬಿಸಿಯಾಯಿತು. ಅಂಟು ಒಸಡಿಗೆ ಮೆತ್ತಿತು. ಜಿಡ್ಡು ಬಿಟ್ಟುಕೊಂಡಿತು. ಕೀವು, ತುಕ್ಕು, ಹಿತ್ತಾಳೆ, ಹಳಸಿದ ಹಾಲು. ಕೂದಲು ಹಲ್ಲಿನ ಸಂದಿಗೆ ಸಿಕ್ಕಿತು. ಓಕರಿಕೆ ಬಂತು. ತಡೆದ. ಮತ್ತೆ ಬಂತು. ಹೊಟ್ಟೆಯಿಂದ ಬಂದದ್ದನ್ನೂ ಬಾಯಲ್ಲೇ ಹಿಡಿದ. ಅಗಿದ. ನಾಲಗೆ ಚಾಚಿದ. ತಟ್ಟೆಗೆ ಇಟ್ಟ. ಗೆರೆ ಹಿಡಿದು ನೆಕ್ಕಿದ. ಒಂದು ಸುತ್ತು. ಇನ್ನೊಂದು ಸುತ್ತು. ಗೆರೆಯ ಅಂಚು ನಾಲಗೆ ಕೊಯ್ಯಿತು. ರಕ್ತ ಬೆರೆಯಿತು. ಸೂಜಿಯಿಲ್ಲ, ಯಂತ್ರವಿಲ್ಲ. ಆದರೂ ನಾಲಗೆಯ ತುದಿಯಲ್ಲಿ ಟ್ರಂಪೆಟ್ ನಡುಗುತ್ತಿತ್ತು. ಹಲ್ಲಿನಲ್ಲಿ, ದವಡೆಯಲ್ಲಿ, ತಲೆಬುರುಡೆಯಲ್ಲಿ ಊದುತ್ತಿತ್ತು. ಅದರ ಹಿಂದೆ ಆ ಗೊಣಗುವವನು. ಎರಡು ಹೆಜ್ಜೆ ಹಿಂದೆ. ಒಂದು ಹೆಜ್ಜೆ. ಕಿವಿಯ ಹತ್ತಿರ. ಒದ್ದೆ ತುಟಿ. ಏಳು ಅಕ್ಷರ. ಐದು. ಮೂರು. ತಟ್ಟೆ ತಿರುಗಿಸಿದ. ನೆಕ್ಕಿದ. ಒಂದು.

ಸದ್ದು ನಿಂತಿತು. ಅದೇ ಗಳಿಗೆಗೆ ಬಾಯಲ್ಲಿ ಉಳಿದಿದ್ದ ಒಂದು ಉಂಡೆ, ತಾನಾಗಿ, ಗಂಟಲಿಗೆ ಜಾರಿತು. ಉಗುಳಲು ಕೆಮ್ಮಿದ. ಬರಲಿಲ್ಲ. ಅದು ಇಳಿದು ಎದೆಯ ನಡುವೆ ಎಲ್ಲೋ ಜಾಗ ಮಾಡಿಕೊಂಡು ಕೂತಿತು.

ಪಕ್ಕದ ಕೋಣೆಯಲ್ಲಿ ಪೊರೆ ಒಣಗಿ, ಈರುಳ್ಳಿ ಸಿಪ್ಪೆಯ ಹಾಗೆ ಉದುರಿತ್ತು. ಮಲ್ಲಿ ನೀರು ಕೇಳಿದಳು. ಕುಡಿದಳು. ಆಮೇಲೆ ಸಂಜೆಯ ತನಕ ಮಾತಾಡಿದಳು. ಶಾಲೆಯ ಬೆಕ್ಕಿನ ಬಗ್ಗೆ, ಬಿದ್ದ ಹಲ್ಲಿನ ಬಗ್ಗೆ, ಚಂದ್ರನಿಗೆ ಬೆನ್ನು ಇದೆಯೋ ಇಲ್ಲವೋ ಎನ್ನುವುದರ ಬಗ್ಗೆ. ಗಂಡ ಹೆಂಡತಿ ನೆಲದ ಮೇಲೆ ಕೂತು ಕೇಳಿದರು.

ವಾಸನೆಯನ್ನು ಮೊದಲು ಗಮನಿಸಿದ್ದು ಗಿರಾಕಿಗಳು. ಸೋಫಾದಲ್ಲಿ ಕೂತವರು ಅವನು ಬಾಯಿ ತೆರೆದೊಡನೆ ಹಿಂದಕ್ಕೆ ಸರಿಯುತ್ತಿದ್ದರು. ಒಬ್ಬ ಹೆಂಗಸು ಕರವಸ್ತ್ರ ಹಿಡಿದೇ ಎದ್ದು ಹೋದಳು. ಮಾಲೀಕ ಅವನನ್ನು ಉಗ್ರಾಣಕ್ಕೆ ಹಾಕಿದ, ರಟ್ಟಿನ ಪೆಟ್ಟಿಗೆಗಳ ಜೊತೆ. ಹೆಂಡತಿ ಕ್ಲಿನಿಕ್ಕಿಗೆ ಕರೆದೊಯ್ದು ಹಲ್ಲೆಲ್ಲ ಕೆರೆಸಿದಳು, ನಾಲಗೆ ಕೆರೆಸಿದಳು, ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಕ್ಯಾಮರಾ ಇಳಿಸಿ ನೋಡಿಸಿದಳು. ಏನೂ ಇಲ್ಲ ಎಂದರು ವೈದ್ಯರು, ಮುಖಗವಸಿನ ಹಿಂದೆ ಉಸಿರು ಬಿಗಿಹಿಡಿದು. ಬಾಯಿ ಮುಚ್ಚಿಕೊಂಡಿದ್ದರೆ ವಾಸನೆ ಬರುವುದಿಲ್ಲ. ಮಾತಾಡಿದರೆ ಬರುತ್ತದೆ. ಒಂದೇ ಒಂದು ಅಕ್ಷರ ಆಡಿದರೂ ಕೋಣೆಯ ತುಂಬ ಬರುತ್ತದೆ.

ಒಂದು ಬೆಳಗ್ಗೆ ಊಟದ ಮೇಜಿನಲ್ಲಿ ಅವನು ಮಗಳಿಗೆ ಹಾಲು ಬಗ್ಗಿಸುತ್ತ, ಮರೆತು, "ಸಕ್ಕರೆ ಬೇಕಾ ಮಲ್ಲಿ?" ಎಂದ.

ಅವಳು ಕುರ್ಚಿಯನ್ನು ಕಿರ್ರೆಂದು ಹಿಂದಕ್ಕೆ ತಳ್ಳಿ ಮೂಗು ಹಿಡಿದುಕೊಂಡಳು. ಲೋಟ ಉರುಳಿತು. ಅಪ್ಪನಿಗೆ ಬೇಸರವಾಯಿತೆಂದು ಅವಳಿಗೆ ತಿಳಿಯಿತು. ಒಳ್ಳೆಯ ಹುಡುಗಿ, ಸಮಾಧಾನ ಮಾಡಲು ನೋಡಿದಳು.

"ಅಪ್ಪಾ, ನೀನು ಮಾತಾಡಬೇಡ, ಆಯ್ತಾ?" ಎಂದಳು, ಮೂಗು ಬಿಡದೆ. "ನಾನೇ ಎಲ್ಲಾ ಹೇಳ್ತೀನಿ. ನೀನು ಆ ಕಡೆ ಕೂತ್ಕೊಂಡು ಬರೀ ತಲೆ ಆಡಿಸು."

ಅವನು ಮೇಜಿನ ಆ ತುದಿಗೆ ಹೋಗಿ ಕೂತು, ತುಟಿ ಬಿಗಿದು, ತಲೆಯಾಡಿಸಿದ.